ಹಾಫ್ ಜೋಡಿ (ರಗ್ಬಿ ಲೀಗ್)

ಹಾಫ್ ಜೋಡಿ ಎಂಬುದು ರಗ್ಬಿ ಲೀಗ್ ಆಟದಲ್ಲಿ 6 ಮತ್ತು 7ನೇ ಸಂಖ್ಯೆಯ ಅಂಗಿ ತೊಡುವ ಇಬ್ಬರು ಆಟಗಾರರಿಗೆ ಒಟ್ಟಾಗಿ ಇರುವ ಹೆಸರು. 6ನೇ ಸಂಖ್ಯೆಯ ಆಟಗಾರನನ್ನು ಆಸ್ಟ್ರೇಲಿಯಾದಲ್ಲಿ ಫೈವ್-ಏಯ್ತ್ ಎಂದೂ ಬ್ರಿಟನ್ನಿನಲ್ಲಿ ಸ್ಟ್ಯಾಂಡ್-ಆಫ್ ಎಂದೂ ಕರೆಯುತ್ತಾರೆ. 7ನೇ ಸಂಖ್ಯೆಯವನು ಆಸ್ಟ್ರೇಲಿಯಾದಲ್ಲಿ ಹಾಫ್‌ಬ್ಯಾಕ್, ಬ್ರಿಟನ್ನಿನಲ್ಲಿ ಸ್ಕ್ರಮ್-ಹಾಫ್. ತಂಡದ ದಾಳಿಯನ್ನು ರೂಪಿಸುವುದು, ಚೆಂಡನ್ನು ಯಾವಾಗ ಒದೆಯಬೇಕು, ಯಾವಾಗ ಕೈಯಲ್ಲಿಟ್ಟುಕೊಂಡು ಓಡಬೇಕು ಎಂದು ತೀರ್ಮಾನಿಸುವುದು ಮುಖ್ಯವಾಗಿ ಈ ಇಬ್ಬರ ಹೊಣೆ. ಆದ್ದರಿಂದಲೇ ಇವರನ್ನು ಪ್ಲೇಮೇಕರ್‌ಗಳು, ಅಂದರೆ ಆಟ ಕಟ್ಟುವವರು, ಎನ್ನುತ್ತಾರೆ. ಯಾವುದೇ ಕ್ಲಬ್ ಹೊಸ ಹಾಫ್ ಆಟಗಾರನೊಂದಿಗೆ ಒಪ್ಪಂದ ಮಾಡಿಕೊಂಡಾಗ ಅವನ ಜೊತೆಗಾರ ಯಾರಾಗಬೇಕು, ಯಾರು ಸ್ಥಾನ ಬಿಟ್ಟುಕೊಡಬೇಕು ಎಂಬುದು ಅಭಿಮಾನಿಗಳ ನಡುವೆ ತೀವ್ರ ಚರ್ಚೆಗೆ ಒಳಗಾಗುತ್ತದೆ.

ಹೆಸರಿನ ಮೂಲ

ಹಳೆಯ ರಗ್ಬಿಯಲ್ಲಿ ಆಟಗಾರರು ಮುಂದಿನ ಸಾಲಿನಿಂದ ಎಷ್ಟು ಹಿಂದೆ ನಿಲ್ಲುತ್ತಾರೆ ಎಂಬುದನ್ನು ಆಧರಿಸಿ ಸ್ಥಾನಗಳಿಗೆ ಹೆಸರು ಬಂದಿತು. ಅರ್ಧ ದೂರದಲ್ಲಿ ನಿಲ್ಲುವವನು ಹಾಫ್‌ಬ್ಯಾಕ್, ಮುಕ್ಕಾಲು ದೂರದಲ್ಲಿರುವವನು ಥ್ರೀ-ಕ್ವಾರ್ಟರ್, ಎಲ್ಲರಿಗಿಂತ ಹಿಂದೆ ನಿಲ್ಲುವವನು ಫುಲ್‌ಬ್ಯಾಕ್. ಅರ್ಧಕ್ಕೂ ಮುಕ್ಕಾಲಿಗೂ ನಡುವೆ ಇನ್ನೊಬ್ಬ ಆಟಗಾರನನ್ನು ನಿಲ್ಲಿಸಿದಾಗ ನ್ಯೂಜಿಲೆಂಡಿನವರು ಅವನನ್ನು ಎಂಟರಲ್ಲಿ ಐದು ಭಾಗ ಎಂಬ ಅರ್ಥದಲ್ಲಿ ಫೈವ್-ಏಯ್ತ್ ಎಂದು ಕರೆದರು. ಆಸ್ಟ್ರೇಲಿಯಾದಲ್ಲಿ ಈ ಹೆಸರೇ ಇಂದಿಗೂ ಬಳಕೆಯಲ್ಲಿದೆ.

ನಿಯಮಗಳ ಹಿನ್ನೆಲೆ

1895ರ ಆಗಸ್ಟ್ 29ರಂದು ಉತ್ತರ ಇಂಗ್ಲೆಂಡಿನ ಕ್ಲಬ್‌ಗಳು ಹಡರ್ಸ್‌ಫೀಲ್ಡ್‌ನಲ್ಲಿ ಸಭೆ ಸೇರಿ ರಗ್ಬಿ ಒಕ್ಕೂಟದಿಂದ ಬೇರ್ಪಟ್ಟವು. ಆಟಕ್ಕಾಗಿ ಕೆಲಸ ತಪ್ಪಿಸುವ ಕಾರ್ಮಿಕ ಆಟಗಾರರಿಗೆ ಕಳೆದುಕೊಂಡ ಕೂಲಿಯನ್ನು ತುಂಬಿಕೊಡಬೇಕೆ ಎಂಬ ವಿವಾದ ಇದಕ್ಕೆ ಮುಖ್ಯ ಕಾರಣ. 1906ರಲ್ಲಿ ಹೊಸ ಸಂಸ್ಥೆಯು ತಂಡದ ಆಟಗಾರರ ಸಂಖ್ಯೆಯನ್ನು 15ರಿಂದ 13ಕ್ಕೆ ಇಳಿಸಿತು. ಇದರಿಂದ ಮೈದಾನದಲ್ಲಿ ತೆರಪು ಹೆಚ್ಚಿ, ಚೆಂಡನ್ನು ಹಂಚುವವರ ಮಹತ್ವವೂ ಹೆಚ್ಚಿತು.

ಹಾಫ್‌ಗಳ ಪಾತ್ರವನ್ನು ಇಂದಿನ ರೂಪಕ್ಕೆ ತಂದದ್ದು ಟ್ಯಾಕಲ್ ಮಿತಿಯ ನಿಯಮ. ಅದಕ್ಕೂ ಮೊದಲು ಒಂದು ತಂಡ ಎಷ್ಟು ಹೊತ್ತು ಬೇಕಾದರೂ ಚೆಂಡನ್ನು ತನ್ನ ಬಳಿಯೇ ಇರಿಸಿಕೊಳ್ಳಬಹುದಾಗಿತ್ತು. 1966ರಲ್ಲಿ ನಾಲ್ಕು ಟ್ಯಾಕಲ್‌ಗಳ ಮಿತಿ ಬಂದಿತು. 1970ರ ದಶಕದ ಆರಂಭದಲ್ಲಿ ಅದನ್ನು ಆರಕ್ಕೆ ಏರಿಸಲಾಯಿತು. ಆರನೆಯ ಟ್ಯಾಕಲ್ ಆದೊಡನೆ ಚೆಂಡು ಎದುರಾಳಿಗೆ ಹೋಗುತ್ತದೆ. ಹೀಗಾಗಿ ಐದನೆಯ ಟ್ಯಾಕಲ್ ಮುಗಿದ ಮೇಲೆ ತಂಡಗಳು ಸಾಮಾನ್ಯವಾಗಿ ಚೆಂಡನ್ನು ಒದೆಯುತ್ತವೆ. ಆ ಒದೆತದ ಎತ್ತರ, ದೂರ ಮತ್ತು ದಿಕ್ಕು ಆಟದ ಗತಿಯನ್ನೇ ನಿರ್ಧರಿಸುವುದರಿಂದ ಅದನ್ನು ಬಹುತೇಕ ಹಾಫ್‌ಗಳಿಗೇ ಒಪ್ಪಿಸಲಾಗುತ್ತದೆ.

ನಂತರ ಬಂದ 40/20 ನಿಯಮ ಒದೆತದ ಬೆಲೆಯನ್ನು ಇನ್ನಷ್ಟು ಏರಿಸಿತು. ತನ್ನ 40 ಮೀಟರ್ ಗೆರೆಯ ಹಿಂದಿನಿಂದ ಒದೆದ ಚೆಂಡು ಮೈದಾನದೊಳಗೆ ನೆಲ ಮುಟ್ಟಿ, ಎದುರಾಳಿಯ 20 ಮೀಟರ್ ಗೆರೆಯ ಆಚೆ ಪಕ್ಕದ ಗೆರೆಯನ್ನು ದಾಟಿದರೆ, ಚೆಂಡು ಒದೆದ ತಂಡಕ್ಕೇ ಮರಳಿ ದೊರೆಯುತ್ತದೆ. ಪಂದ್ಯದ ಕೊನೆಯಲ್ಲಿ ಅಂಕಗಳು ಸಮವಾಗಿದ್ದಾಗ ಒಂದು ಅಂಕದ ಫೀಲ್ಡ್ ಗೋಲ್ ಹೊಡೆಯುವ ಹೊಣೆಯೂ ಹೆಚ್ಚಾಗಿ ಇವರದೇ.

ಕರ್ತವ್ಯಗಳ ಹಂಚಿಕೆ

ಸಾಂಪ್ರದಾಯಿಕ ಹಂಚಿಕೆಯಲ್ಲಿ ಹಾಫ್‌ಬ್ಯಾಕ್ ವ್ಯವಸ್ಥಾಪಕ. ತಂಡವನ್ನು ಮೈದಾನದ ಯಾವ ಭಾಗಕ್ಕೆ ಒಯ್ಯಬೇಕು, ಯಾವ ಮುಂಚೂಣಿ ಆಟಗಾರ ಚೆಂಡು ಹಿಡಿದು ನುಗ್ಗಬೇಕು ಎಂದು ಕೂಗಿ ಹೇಳುವವನು ಅವನು. ದೀರ್ಘ ಒದೆತಗಳು ಸಾಮಾನ್ಯವಾಗಿ ಅವನ ಪಾಲು. ಫೈವ್-ಏಯ್ತ್ ತುಸು ಅಗಲಕ್ಕೆ ನಿಂತು, ಎದುರಾಳಿಯ ರಕ್ಷಣಾ ಸಾಲಿನಲ್ಲಿ ಬಿರುಕು ಕಂಡರೆ ತಾನೇ ಓಡಿ ನುಗ್ಗುತ್ತಾನೆ ಅಥವಾ ಕೊನೆಯ ಗಳಿಗೆಯಲ್ಲಿ ಚೆಂಡನ್ನು ದಾಟಿಸುತ್ತಾನೆ.

ಆಧುನಿಕ ತಂಡಗಳಲ್ಲಿ ಇನ್ನೊಂದು ಹಂಚಿಕೆಯೂ ಸಾಮಾನ್ಯ. ಮೈದಾನವನ್ನು ಎಡ ಮತ್ತು ಬಲ ಎಂದು ಭಾಗ ಮಾಡಿ, ಒಬ್ಬೊಬ್ಬ ಹಾಫ್ ಒಂದೊಂದು ಪಾರ್ಶ್ವವನ್ನು ವಹಿಸಿಕೊಳ್ಳುತ್ತಾನೆ. ಆಗ 6 ಮತ್ತು 7 ಎಂಬ ಸಂಖ್ಯೆಗಳಿಗಿಂತ ಯಾರು ಯಾವ ಬದಿಯಲ್ಲಿ ಆಡುತ್ತಾರೆ, ಅಂತಿಮ ಮಾತು ಯಾರದು ಎಂಬುದು ಮುಖ್ಯವಾಗುತ್ತದೆ. ಫುಲ್‌ಬ್ಯಾಕ್ (1) ಮತ್ತು ಹುಕರ್ (9) ಸೇರಿದಂತೆ ಈ ನಾಲ್ವರನ್ನು ತಂಡದ ‘ಸ್ಪೈನ್’, ಅಂದರೆ ಬೆನ್ನೆಲುಬು, ಎನ್ನುತ್ತಾರೆ.

ರಕ್ಷಣೆಯಲ್ಲಿ ಹಾಫ್‌ಗಳ ಪಾಡು ಕಠಿಣ. ಇವರು ಬಹುಮಟ್ಟಿಗೆ ತಂಡದ ಸಣ್ಣ ಮೈಕಟ್ಟಿನ ಆಟಗಾರರು. ಎದುರಾಳಿಗಳು ತಮ್ಮ ಭಾರಿ ಗಾತ್ರದ ಆಟಗಾರರನ್ನು ಬೇಕೆಂದೇ ಇವರತ್ತ ಓಡಿಸಿ ದಣಿಸಲು ನೋಡುತ್ತಾರೆ. ದಣಿದ ಹಾಫ್ ಮುಂದಿನ ದಾಳಿಯಲ್ಲಿ ನಿಖರತೆ ಕಳೆದುಕೊಳ್ಳುತ್ತಾನೆ ಎಂಬುದು ಇದರ ಹಿಂದಿನ ಲೆಕ್ಕಾಚಾರ.

ಪ್ರಸಿದ್ಧ ಜೋಡಿಗಳು

ಪೀಟರ್ ಸ್ಟರ್ಲಿಂಗ್ ಮತ್ತು ಬ್ರೆಟ್ ಕೆನ್ನಿ: ಸಿಡ್ನಿಯ ಪ್ಯಾರಮ್ಯಾಟಾ ಕ್ಲಬ್ 1981, 1982, 1983 ಮತ್ತು 1986ರಲ್ಲಿ ಪ್ರಶಸ್ತಿ ಗೆದ್ದ ಕಾಲದ ಜೋಡಿ. ಸ್ಟರ್ಲಿಂಗ್ ಆಟವನ್ನು ನಿರ್ದೇಶಿಸಿದರೆ, ಕೆನ್ನಿ ತಮ್ಮ ಓಟದಿಂದ ಅದನ್ನು ಪೂರ್ಣಗೊಳಿಸುತ್ತಿದ್ದರು. 1985ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ನಡೆದ ಚಾಲೆಂಜ್ ಕಪ್ ಅಂತಿಮ ಪಂದ್ಯದಲ್ಲಿ ಇಬ್ಬರೂ ಎದುರಾಳಿಗಳಾಗಿ ಆಡಿದರು. ಕೆನ್ನಿ ಇದ್ದ ವಿಗನ್ ತಂಡ ಸ್ಟರ್ಲಿಂಗ್ ಇದ್ದ ಹಲ್ ತಂಡವನ್ನು 28–24ರಿಂದ ಸೋಲಿಸಿತು.

ರಿಕಿ ಸ್ಟೂಅರ್ಟ್ ಮತ್ತು ಲಾರಿ ಡೇಲಿ: 1994ರಲ್ಲಿ ಪ್ರಶಸ್ತಿ ಗೆದ್ದ ಕ್ಯಾನ್‌ಬೆರಾ ರೇಡರ್ಸ್ ತಂಡದ ಹಾಫ್‌ಗಳು. ಸ್ಟೂಅರ್ಟ್ ಉದ್ದನೆಯ ಪಾಸ್‌ಗೂ ಒದೆತಕ್ಕೂ, ಡೇಲಿ ಬಲವಾದ ಓಟಕ್ಕೂ ಹೆಸರಾಗಿದ್ದರು.

ಆಂಡ್ರ್ಯೂ ಜಾನ್ಸ್ ಮತ್ತು ಮ್ಯಾಥ್ಯೂ ಜಾನ್ಸ್: 1997ರಲ್ಲಿ ನ್ಯೂಕ್ಯಾಸಲ್ ನೈಟ್ಸ್ ತಂಡಕ್ಕೆ ಮೊದಲ ಪ್ರಶಸ್ತಿ ತಂದ ಸಹೋದರರು. ಅಂತಿಮ ಪಂದ್ಯದ ಕೊನೆಯ ಕ್ಷಣಗಳಲ್ಲಿ ಕಿರಿಯ ಸಹೋದರ ಆಂಡ್ರ್ಯೂ ನೀಡಿದ ಪಾಸ್‌ನಿಂದ ಗೆಲುವಿನ ಟ್ರೈ ಬಂದಿತು.

ಡ್ಯಾರನ್ ಲಾಕಿಯರ್ ಮತ್ತು ಜಾನಥನ್ ಥರ್ಸ್ಟನ್: ಸ್ಟೇಟ್ ಆಫ್ ಆರಿಜಿನ್ ಸರಣಿಯನ್ನು ಕ್ವೀನ್ಸ್‌ಲ್ಯಾಂಡ್ 2006ರಿಂದ 2013ರವರೆಗೆ ಸತತ ಎಂಟು ಬಾರಿ ಗೆದ್ದಿತು. ಈ ಸರಣಿ ಗೆಲುವುಗಳ ಬಹುಪಾಲಿನಲ್ಲಿ ಇವರದೇ ಜೋಡಿ. ಲಾಕಿಯರ್ ಮೂಲತಃ ಫುಲ್‌ಬ್ಯಾಕ್ ಆಗಿದ್ದು, 2004ರಲ್ಲಿ ಫೈವ್-ಏಯ್ತ್ ಸ್ಥಾನಕ್ಕೆ ಬದಲಾದವರು. ಅವರ ನಿವೃತ್ತಿಯ ನಂತರ ಥರ್ಸ್ಟನ್ 7ರಿಂದ 6ಕ್ಕೆ ಸರಿದು, ಕೂಪರ್ ಕ್ರಾಂಕ್ ಅವರಿಗೆ ಹಾಫ್‌ಬ್ಯಾಕ್ ಸ್ಥಾನ ಬಿಟ್ಟುಕೊಟ್ಟರು.

ನೇಥನ್ ಕ್ಲಿಯರಿ ಮತ್ತು ಜರೋಮ್ ಲುವಾಯಿ: ಪೆನ್ರಿತ್ ಪ್ಯಾಂಥರ್ಸ್ 2021ರಿಂದ 2024ರವರೆಗೆ ಸತತ ನಾಲ್ಕು ಪ್ರಶಸ್ತಿ ಗೆದ್ದಾಗಿನ ಹಾಫ್‌ಗಳು. ಬಲಬದಿ ಕ್ಲಿಯರಿಯದು, ಎಡಬದಿ ಲುವಾಯಿಯದು. ಇಬ್ಬರೂ ಕ್ಲಬ್ಬಿನ ಕಿರಿಯರ ತಂಡಗಳಿಂದಲೇ ಬೆಳೆದು ಬಂದವರು. 2023ರ ಅಂತಿಮ ಪಂದ್ಯದಲ್ಲಿ ಲುವಾಯಿ ಗಾಯಗೊಂಡು ಹೊರನಡೆದಾಗ 24–8ರಿಂದ ಹಿಂದಿದ್ದ ತಂಡವನ್ನು ಕ್ಲಿಯರಿ 26–24ರ ಗೆಲುವಿಗೆ ಒಯ್ದರು.

ವೇತನ ಮಿತಿ ಮತ್ತು ಒಪ್ಪಂದಗಳು

ಆಸ್ಟ್ರೇಲಿಯಾದ ನ್ಯಾಷನಲ್ ರಗ್ಬಿ ಲೀಗ್‌ನಲ್ಲಿ (ಎನ್‌ಆರ್‌ಎಲ್) ಪ್ರತಿ ಕ್ಲಬ್ ತನ್ನ ಆಟಗಾರರಿಗೆ ವರ್ಷಕ್ಕೆ ಕೊಡಬಹುದಾದ ಒಟ್ಟು ಹಣಕ್ಕೆ ಮಿತಿ ಇದೆ. ಮಿತಿ ಮೀರಿದವರಿಗೆ ಕಠಿಣ ಶಿಕ್ಷೆ. 2010ರಲ್ಲಿ ಮೆಲ್ಬರ್ನ್ ಸ್ಟಾರ್ಮ್ ಕ್ಲಬ್ಬಿನಿಂದ ಇದೇ ಕಾರಣಕ್ಕೆ 2007 ಮತ್ತು 2009ರ ಪ್ರಶಸ್ತಿಗಳನ್ನು ಹಿಂದಕ್ಕೆ ಪಡೆಯಲಾಯಿತು. ಆದ್ದರಿಂದ ಒಬ್ಬ ಹಾಫ್ ಆಟಗಾರನಿಗೆ ದೊಡ್ಡ ಮೊತ್ತ ಕೊಟ್ಟರೆ ಬೇರೆ ಸ್ಥಾನಗಳಿಗೆ ಉಳಿಯುವ ಹಣ ಕಡಿಮೆಯಾಗುತ್ತದೆ. ತಂಡದಲ್ಲಿ ಹಾಫ್ ಸ್ಥಾನಗಳೂ ಎರಡೇ ಇರುವುದರಿಂದ ಹೊಸಬನೊಬ್ಬ ಬಂದರೆ ಹಳಬನೊಬ್ಬ ಬೇರೆ ಸ್ಥಾನಕ್ಕೆ ಸರಿಯಬೇಕು, ಇಲ್ಲವೇ ಬೇರೆ ಕ್ಲಬ್ ಹುಡುಕಿಕೊಳ್ಳಬೇಕು.

ಒಪ್ಪಂದದ ಕೊನೆಯ ವರ್ಷಕ್ಕೆ ಕಾಲಿಡುವ ಆಟಗಾರರು ಹಿಂದಿನ ನವೆಂಬರ್ 1ರಿಂದ ಇತರ ಕ್ಲಬ್‌ಗಳೊಂದಿಗೆ ಮಾತುಕತೆ ನಡೆಸಬಹುದು. ಇದರಿಂದ ಒಬ್ಬ ಆಟಗಾರ ಮುಂದಿನ ವರ್ಷ ಎದುರಾಳಿ ಕ್ಲಬ್ ಸೇರುವುದಾಗಿ ಘೋಷಿಸಿ, ಈ ವರ್ಷವಿಡೀ ಹಳೆಯ ಕ್ಲಬ್ಬಿಗೇ ಆಡುವ ಸನ್ನಿವೇಶ ಉಂಟಾಗುತ್ತದೆ. 2015ರಲ್ಲಿ ಮ್ಯಾನ್ಲಿ ಕ್ಲಬ್ಬಿನ ಹಾಫ್‌ಬ್ಯಾಕ್ ಡೇಲಿ ಚೆರ್ರಿ-ಎವನ್ಸ್ ಅವರು ಗೋಲ್ಡ್ ಕೋಸ್ಟ್ ಟೈಟನ್ಸ್‌ನೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿ, ಅಂದಿನ ನಿಯಮ ಕೊಟ್ಟಿದ್ದ ಅವಕಾಶ ಬಳಸಿಕೊಂಡು ಕೆಲವೇ ತಿಂಗಳಲ್ಲಿ ಮನಸ್ಸು ಬದಲಿಸಿ ಮ್ಯಾನ್ಲಿಯಲ್ಲೇ ಉಳಿದರು. 2011ರಲ್ಲಿ ಅವರೊಡನೆ ಪ್ರಶಸ್ತಿ ಗೆದ್ದಿದ್ದ ಫೈವ್-ಏಯ್ತ್ ಕೀರನ್ ಫೋರನ್ ಅಷ್ಟರಲ್ಲಿ ಪ್ಯಾರಮ್ಯಾಟಾ ಸೇರಲು ಒಪ್ಪಿಕೊಂಡಾಗಿತ್ತು. ಹಾಫ್‌ಬ್ಯಾಕ್ ಉಳಿದರೂ ಜೋಡಿ ಉಳಿಯಲಿಲ್ಲ.

ಕೂಪರ್ ಕ್ರಾಂಕ್ ವರ್ಗಾವಣೆ

ಹೊಸ ಹಾಫ್ ಆಟಗಾರನ ಸೇರ್ಪಡೆ ಹಲವು ಕ್ಲಬ್‌ಗಳ ಮೇಲೆ ಹೇಗೆ ಪರಿಣಾಮ ಬೀರುತ್ತದೆ ಎಂಬುದಕ್ಕೆ ಕ್ರಾಂಕ್ ವರ್ಗಾವಣೆ ಉತ್ತಮ ನಿದರ್ಶನ. 2017ರಲ್ಲಿ ಮೆಲ್ಬರ್ನ್ ಪರ ಪ್ರಶಸ್ತಿ ಗೆದ್ದ ಕ್ರಾಂಕ್, ವೈಯಕ್ತಿಕ ಕಾರಣಗಳಿಗಾಗಿ ಸಿಡ್ನಿಗೆ ತೆರಳುವುದಾಗಿ ಅದೇ ವರ್ಷ ತಿಳಿಸಿದ್ದರು. ಋತು ಮುಗಿದ ಮೇಲೆ ಸಿಡ್ನಿ ರೂಸ್ಟರ್ಸ್ ಅವರನ್ನು ಸೇರಿಸಿಕೊಂಡಿತು. ಆಗ ಅವರಿಗೆ 34 ವರ್ಷ ತುಂಬುತ್ತಿತ್ತು.

ರೂಸ್ಟರ್ಸ್‌ನಲ್ಲಿ 2007ರಿಂದಲೂ ಮಿಚೆಲ್ ಪಿಯರ್ಸ್ ಹಾಫ್‌ಬ್ಯಾಕ್ ಆಗಿದ್ದರು. 2013ರಲ್ಲಿ ಜೇಮ್ಸ್ ಮಲೋನಿ ಜೊತೆಗೂಡಿ ಕ್ಲಬ್ಬಿಗೆ ಪ್ರಶಸ್ತಿ ತಂದವರು ಅವರೇ. ಕ್ರಾಂಕ್ ಬರುವುದು ಖಚಿತವಾಗುತ್ತಿದ್ದಂತೆ ಪಿಯರ್ಸ್ ಬಿಡುಗಡೆ ಪಡೆದು ನ್ಯೂಕ್ಯಾಸಲ್ ಸೇರಿದರು. ಹತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದ ಆಟಗಾರನನ್ನು ವೃತ್ತಿಯ ಅಂಚಿನಲ್ಲಿರುವ ಹಿರಿಯನಿಗಾಗಿ ಬಿಟ್ಟುಕೊಡುವುದು ಸರಿಯೇ ಎಂಬುದು ಅಂದಿನ ಚರ್ಚೆಯ ತಿರುಳು.

2018ರಲ್ಲಿ ಕ್ರಾಂಕ್ ಮತ್ತು ಲ್ಯೂಕ್ ಕೀರಿ ಜೋಡಿಯೊಂದಿಗೆ ರೂಸ್ಟರ್ಸ್ ಅಂತಿಮ ಪಂದ್ಯ ತಲುಪಿತು. ಎದುರಾಳಿ ಕ್ರಾಂಕ್ ಅವರ ಹಳೆಯ ತಂಡವಾದ ಮೆಲ್ಬರ್ನ್. ಹಿಂದಿನ ಪಂದ್ಯದಲ್ಲೇ ಕ್ರಾಂಕ್ ಅವರ ಹೆಗಲ ಮೂಳೆ ಮುರಿದಿತ್ತು. ಆದರೂ ಕಣಕ್ಕಿಳಿದ ಅವರು ಚೆಂಡನ್ನು ಹೆಚ್ಚು ಮುಟ್ಟದೆ, ಜೊತೆಗಾರರಿಗೆ ಸೂಚನೆ ಕೊಡುತ್ತಾ ಆಡಿದರು. ಒದೆತ ಮತ್ತು ಓಟದ ಹೊಣೆಯನ್ನು ಕೀರಿ ಹೊತ್ತರು. ರೂಸ್ಟರ್ಸ್ 21–6ರಿಂದ ಗೆದ್ದಿತು. ಪಂದ್ಯದ ಶ್ರೇಷ್ಠ ಆಟಗಾರನಿಗೆ ಕೊಡುವ ಕ್ಲೈವ್ ಚರ್ಚಿಲ್ ಪದಕ ಕೀರಿಗೆ ಸಂದಿತು. 2019ರಲ್ಲಿ ಕ್ಯಾನ್‌ಬೆರಾವನ್ನು 14–8ರಿಂದ ಸೋಲಿಸಿ ತಂಡ ಮತ್ತೆ ಪ್ರಶಸ್ತಿ ಗಳಿಸಿತು. ಆ ಪಂದ್ಯದೊಂದಿಗೆ ಕ್ರಾಂಕ್ ನಿವೃತ್ತರಾದರು.

ಸತತ ಮೂರು ವರ್ಷ ಪಟ್ಟಿಯ ಕೊನೆಯಲ್ಲಿದ್ದ ನ್ಯೂಕ್ಯಾಸಲ್, ಪಿಯರ್ಸ್ ಇದ್ದ ಅವಧಿಯಲ್ಲಿ ಚೇತರಿಸಿಕೊಂಡು 2020ರಲ್ಲಿ ಅಂತಿಮ ಸುತ್ತುಗಳಿಗೆ ಅರ್ಹತೆ ಪಡೆಯಿತು. ಮೆಲ್ಬರ್ನ್ ಫುಲ್‌ಬ್ಯಾಕ್ ಸ್ಥಾನದಲ್ಲೂ ಆಡುತ್ತಿದ್ದ ಜರೋಮ್ ಹ್ಯೂಸ್ ಅವರನ್ನು ಹಾಫ್‌ಬ್ಯಾಕ್ ಆಗಿ ರೂಪಿಸಿ, ಕ್ಯಾಮರೂನ್ ಮನ್‌ಸ್ಟರ್ ಜೊತೆಗೂಡಿಸಿ 2020ರ ಪ್ರಶಸ್ತಿ ಗೆದ್ದಿತು. ಒಂದು ವರ್ಗಾವಣೆಯಿಂದ ಮೂರು ಕ್ಲಬ್‌ಗಳ ಹಾಫ್ ಜೋಡಿಗಳು ಬದಲಾದವು.

ಲಾಕ್ಲನ್ ಗ್ಯಾಲ್ವಿನ್ ಸೇರ್ಪಡೆ

2025ರ ಋತುವಿನ ನಡುವೆ ಯುವ ಆಟಗಾರ ಲಾಕ್ಲನ್ ಗ್ಯಾಲ್ವಿನ್ ವೆಸ್ಟ್ಸ್ ಟೈಗರ್ಸ್ ಬಿಟ್ಟು ಕ್ಯಾಂಟರ್‌ಬರಿ ಬುಲ್‌ಡಾಗ್ಸ್ ಸೇರಿದರು. ಬುಲ್‌ಡಾಗ್ಸ್ ಆಗ ಮ್ಯಾಟ್ ಬರ್ಟನ್ ಮತ್ತು ಟೋಬಿ ಸೆಕ್ಸ್‌ಟನ್ ಜೋಡಿಯೊಂದಿಗೆ ಪಟ್ಟಿಯ ಮೇಲ್ಭಾಗದಲ್ಲಿತ್ತು. ಗೆಲ್ಲುತ್ತಿರುವ ಜೋಡಿಯನ್ನು ಕದಲಿಸಬಾರದು ಎಂದು ಕೆಲವು ಅಭಿಮಾನಿಗಳು ವಾದಿಸಿದರೆ, ಇಂಥ ಪ್ರತಿಭೆ ಮತ್ತೆ ಸಿಗುವುದಿಲ್ಲ, ತಂಡದ ಮುಂದಿನ ವರ್ಷಗಳನ್ನೂ ನೋಡಬೇಕು ಎಂದು ಇತರರು ಹೇಳಿದರು. ಋತುವಿನ ಕೊನೆಯ ಭಾಗದಲ್ಲಿ ಸೆಕ್ಸ್‌ಟನ್ ಸ್ಥಾನ ಕಳೆದುಕೊಂಡರು. ಅಂತಿಮ ಸುತ್ತುಗಳಲ್ಲಿ ಬುಲ್‌ಡಾಗ್ಸ್ ಆಡಿದ ಎರಡೂ ಪಂದ್ಯಗಳನ್ನು ಸೋತಿತು. ಸೋಲಿಗೆ ಜೋಡಿಯ ಬದಲಾವಣೆಯೇ ಕಾರಣವೆಂದು ಒಂದು ಪಕ್ಷವೂ, ಹೊಸ ಜೋಡಿ ಪಳಗಲು ಕಾಲ ಬೇಕೆಂದು ಇನ್ನೊಂದು ಪಕ್ಷವೂ ವಾದ ಮುಂದುವರಿಸಿದವು.

ಚರ್ಚೆಯಲ್ಲಿ ಮರುಕಳಿಸುವ ವಿಷಯಗಳು

ಕ್ಲಬ್ ಯಾವುದೇ ಇರಲಿ, ಹಾಫ್‌ಗಳ ಕುರಿತ ಅಭಿಮಾನಿಗಳ ವಾದಗಳಲ್ಲಿ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಎದುರಾಗುತ್ತವೆ.

ಸ್ವಭಾವದ ಹೊಂದಾಣಿಕೆ: ಇಬ್ಬರೂ ಓಟಗಾರರಾದರೆ ತಂಡವನ್ನು ನಡೆಸುವವರಿಲ್ಲ, ಇಬ್ಬರೂ ವ್ಯವಸ್ಥಾಪಕರಾದರೆ ರಕ್ಷಣಾ ಸಾಲನ್ನು ಭೇದಿಸುವವರಿಲ್ಲ ಎಂಬುದು ಸಾಮಾನ್ಯ ವಾದ. ಆದರೆ ಲಾಕಿಯರ್ ಮತ್ತು ಥರ್ಸ್ಟನ್ ಇಬ್ಬರೂ ತಮ್ಮ ಕ್ಲಬ್‌ಗಳಲ್ಲಿ ಮುಖ್ಯ ನಿರ್ದೇಶಕರಾಗಿದ್ದು, ಆರಿಜಿನ್ ಸರಣಿಯಲ್ಲಿ ಜೊತೆಯಾಗಿ ಯಶಸ್ವಿಯಾದರು.

ಮನೆಯವರೋ ಹೊರಗಿನವರೋ: ಕಿರಿಯರ ತಂಡದಿಂದ ಬೆಳೆದ ಹುಡುಗನಿಗೆ ಅವಕಾಶ ಕೊಡಬೇಕೆ, ಅನುಭವಿಯನ್ನು ಹೊರಗಿನಿಂದ ತರಬೇಕೆ ಎಂಬ ಪ್ರಶ್ನೆ. ಪೆನ್ರಿತ್ ಮೊದಲ ಹಾದಿಯಲ್ಲಿಯೂ ರೂಸ್ಟರ್ಸ್ ಎರಡನೆಯ ಹಾದಿಯಲ್ಲಿಯೂ ಗೆದ್ದಿವೆ.

ಒಪ್ಪಂದದ ಅವಧಿ: 2025ರಲ್ಲಿ ಡೈಲನ್ ಬ್ರೌನ್ ಅವರೊಂದಿಗೆ ನ್ಯೂಕ್ಯಾಸಲ್ 2026ರಿಂದ ಆರಂಭವಾಗುವ ಹತ್ತು ವರ್ಷಗಳ ಒಪ್ಪಂದ ಮಾಡಿಕೊಂಡಾಗ ಈ ಪ್ರಶ್ನೆ ಮುನ್ನೆಲೆಗೆ ಬಂದಿತು. ಪ್ಯಾರಮ್ಯಾಟಾದಲ್ಲಿ ಮಿಚೆಲ್ ಮೋಸಸ್ ಜೊತೆಗಾರನಾಗಿ, ಫೈವ್-ಏಯ್ತ್ ಆಗಿ ಹೆಸರು ಮಾಡಿದ ಆಟಗಾರ ಹೊಸ ಕ್ಲಬ್ಬಿನಲ್ಲಿ ಮುಖ್ಯ ನಿರ್ದೇಶಕನ ಪಾತ್ರ ವಹಿಸಬಲ್ಲನೇ ಎಂಬುದು ಚರ್ಚೆಯ ಕೇಂದ್ರವಾಗಿತ್ತು.

ಯಶಸ್ಸಿನ ಹಂಚಿಕೆ: ಗೆದ್ದಾಗ ಶ್ರೇಯಸ್ಸು ಯಾರಿಗೆ, ಸೋತಾಗ ದೂರು ಯಾರ ಮೇಲೆ ಎಂಬುದು. 2015ರ ಅಂತಿಮ ಪಂದ್ಯದಲ್ಲಿ ನಾರ್ತ್ ಕ್ವೀನ್ಸ್‌ಲ್ಯಾಂಡ್ ಕೌಬಾಯ್ಸ್ 17–16ರಿಂದ ಬ್ರಿಸ್ಬೇನ್ ಬ್ರಾಂಕೋಸ್ ತಂಡವನ್ನು ಸೋಲಿಸಿ ಮೊದಲ ಪ್ರಶಸ್ತಿ ಪಡೆಯಿತು. ಹೆಚ್ಚುವರಿ ಅವಧಿಯಲ್ಲಿ ಥರ್ಸ್ಟನ್ ಹೊಡೆದ ಫೀಲ್ಡ್ ಗೋಲ್ ಎಲ್ಲರ ನೆನಪಿನಲ್ಲಿದೆ. ಆದರೆ ನಿಗದಿತ ಅವಧಿಯ ಕೊನೆಯ ಆಟದಲ್ಲಿ ಸಮಬಲದ ಟ್ರೈಗೆ ದಾರಿ ಮಾಡಿದ ಪಾಸ್ ಅವರ ಜೊತೆಗಾರ ಮೈಕಲ್ ಮಾರ್ಗನ್ ಅವರದು.