ಸ್ನಾಯುಕ್ಷಯದ ಬಾಲಕರು ಯುವಕರಾಗುವಾಗ: ಯಾರೂ ಸಿದ್ಧಪಡಿಸದ ಹದಿನೆಂಟನೆಯ ವರ್ಷ

ಮಗನಿಗೆ ಇಪ್ಪತ್ತು ತುಂಬುವುದೇ ಅನುಮಾನ ಎಂದು ಕೇಳಿಸಿಕೊಂಡ ಕುಟುಂಬವು ಅವನ ಇಪ್ಪತ್ತೈದನೆಯ ವರ್ಷಕ್ಕಾಗಿ ಯಾವ ಸಿದ್ಧತೆಯನ್ನೂ ಮಾಡಿಕೊಂಡಿರುವುದಿಲ್ಲ. ಶಾಲೆ ನಡುವೆಯೇ ನಿಂತಿರುತ್ತದೆ, ಗೆಳೆಯರು ದೂರವಾಗಿರುತ್ತಾರೆ, ಮುಂದೇನು ಎಂಬ ಮಾತು ಮನೆಯಲ್ಲಿ ಏಳುವುದೇ ಇಲ್ಲ. ಆದರೆ ವೈದ್ಯಕೀಯ ಪ್ರಗತಿಯ ಫಲವಾಗಿ ಆ ಹುಡುಗ ಇಂದು ಯುವಕನಾಗುತ್ತಿದ್ದಾನೆ. ದೇಹದ ದೌರ್ಬಲ್ಯಕ್ಕಿಂತಲೂ ಈ ಸಿದ್ಧತೆಯ ಕೊರತೆಯೇ ಹಲವು ಬಾರಿ ಅವನ ಮನಸ್ಸನ್ನು ಹೆಚ್ಚು ಬಾಧಿಸುತ್ತದೆ.

ರೋಗದ ಸ್ವರೂಪ

ಸ್ನಾಯುಕ್ಷಯ ಅಥವಾ ಮಸ್ಕ್ಯುಲರ್ ಡಿಸ್ಟ್ರೋಫಿ ಎಂಬುದು ಒಂದೇ ಕಾಯಿಲೆಯಲ್ಲ. ಸ್ನಾಯುಗಳು ಕ್ರಮೇಣ ಬಲಗುಂದುವ ಅನೇಕ ಆನುವಂಶಿಕ ರೋಗಗಳ ಗುಂಪು. ಮಕ್ಕಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವ ತೀವ್ರ ಸ್ವರೂಪಕ್ಕೆ 19ನೆಯ ಶತಮಾನದ ಫ್ರೆಂಚ್ ನರತಜ್ಞ ಡುಶೆನ್ ಅವರ ಹೆಸರಿದೆ. ಸ್ನಾಯುಕೋಶಗಳಿಗೆ ಆಸರೆಯಾದ ಡಿಸ್ಟ್ರೋಫಿನ್ ಎಂಬ ಪ್ರೋಟೀನು ಉತ್ಪತ್ತಿಯಾಗದಿರುವುದೇ ಇದರ ಮೂಲ. ಇದಕ್ಕೆ ಸಂಬಂಧಿಸಿದ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ರೋಗ ಬಹುಪಾಲು ಗಂಡುಮಕ್ಕಳನ್ನೇ ಬಾಧಿಸುತ್ತದೆ. ಸುಮಾರು 3,500ರಿಂದ 5,000 ಗಂಡು ಶಿಶುಗಳಲ್ಲಿ ಒಬ್ಬರಿಗೆ ಇದು ಬರುತ್ತದೆಂಬುದು ಸಾಮಾನ್ಯ ಅಂದಾಜು.

ನೆಲದಿಂದ ಏಳುವಾಗ ಮಗು ತನ್ನ ತೊಡೆಗಳ ಮೇಲೆ ಕೈಯೂರಿ ಏಳುವುದು, ಪದೇ ಪದೇ ಬೀಳುವುದು, ಮೆಟ್ಟಿಲು ಹತ್ತಲು ಕಷ್ಟಪಡುವುದು ಆರಂಭದ ಲಕ್ಷಣಗಳು. ಚಿಕಿತ್ಸೆ ಇಲ್ಲದಿದ್ದಲ್ಲಿ ಸುಮಾರು ಹನ್ನೆರಡನೆಯ ವಯಸ್ಸಿನೊಳಗೆ ನಡಿಗೆ ನಿಲ್ಲುತ್ತದೆ. ಅನಂತರ ಕೈಗಳು, ಉಸಿರಾಟದ ಸ್ನಾಯುಗಳು ಮತ್ತು ಹೃದಯ ದುರ್ಬಲಗೊಳ್ಳುತ್ತವೆ.

ಆಯಸ್ಸು ಹೆಚ್ಚಿತು, ಯೋಜನೆ ಬೆಳೆಯಲಿಲ್ಲ

ಬ್ರಿಟನ್ನಿನ ನ್ಯೂಕ್ಯಾಸಲ್‌ನಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 1960ರ ದಶಕದಲ್ಲಿ ಈ ರೋಗಿಗಳು ಸರಾಸರಿ 14.4ನೆಯ ವಯಸ್ಸಿನಲ್ಲಿ ಸಾವನ್ನಪ್ಪುತ್ತಿದ್ದರು. 1990ರ ನಂತರ ಉಸಿರಾಟಕ್ಕೆ ಯಂತ್ರದ ನೆರವು ಪಡೆದವರಲ್ಲಿ ಈ ಸರಾಸರಿ 25.3 ವರ್ಷಕ್ಕೆ ಏರಿತು. ಸ್ಟೀರಾಯ್ಡ್ ಔಷಧಿಗಳು, ಹೃದಯದ ನಿಯಮಿತ ತಪಾಸಣೆ ಹಾಗೂ ರಾತ್ರಿ ಮುಖಕ್ಕೆ ಮಾಸ್ಕ್ ತೊಡಿಸಿ ಗಾಳಿ ಒದಗಿಸುವ ಬೈಪ್ಯಾಪ್ ಯಂತ್ರಗಳಿಂದಾಗಿ ಮೂವತ್ತು, ನಲವತ್ತು ದಾಟಿದವರೂ ಇಂದು ಹಲವು ದೇಶಗಳಲ್ಲಿದ್ದಾರೆ.

ಹೀಗೆ ದೊರೆತ ವರ್ಷಗಳನ್ನು ಬದುಕುವುದು ಹೇಗೆ ಎಂಬ ಪ್ರಶ್ನೆಗೆ ಮಾತ್ರ ವ್ಯವಸ್ಥೆಯಲ್ಲಿ ಉತ್ತರವಿರಲಿಲ್ಲ. ಆರೈಕೆಯ ಅಂತರರಾಷ್ಟ್ರೀಯ ಮಾರ್ಗಸೂಚಿಗಳು 2010ರಲ್ಲಿ ಪ್ರಕಟವಾದವು. 2018ರ ಪರಿಷ್ಕೃತ ಆವೃತ್ತಿಯು ಮನೋಸಾಮಾಜಿಕ ಆರೈಕೆಯೊಂದಿಗೆ, ಬಾಲ್ಯದಿಂದ ಪ್ರೌಢಾವಸ್ಥೆಗೆ ದಾಟುವ ಹಂತಕ್ಕೂ ಪ್ರತ್ಯೇಕ ಗಮನ ನೀಡಿತು. ಮಗನಿಗೆ ಹದಿನೆಂಟು ತುಂಬುವವರೆಗೆ ಕಾಯದೆ, ಹದಿಹರೆಯದ ಆರಂಭದಲ್ಲಿಯೇ ಶಿಕ್ಷಣ, ಉದ್ಯೋಗ, ವಾಸ ಮತ್ತು ಸಂಬಂಧಗಳ ಕುರಿತು ಅವನೊಂದಿಗೆ ಮಾತು ಆರಂಭವಾಗಬೇಕು ಎಂಬುದು ಅದರ ಆಶಯ.

ಮನಸ್ಸಿನ ಮೇಲಿನ ಹೊರೆ

ಡಿಸ್ಟ್ರೋಫಿನ್ ಮೆದುಳಿನಲ್ಲಿಯೂ ಕೆಲಸ ಮಾಡುತ್ತದೆ. ಆದ್ದರಿಂದ ಈ ಮಕ್ಕಳಲ್ಲಿ ಓದಿನ ತೊಡಕು, ಏಕಾಗ್ರತೆಯ ಕೊರತೆ, ಆಟಿಸಂ ಮತ್ತು ಗೀಳಿನ ತೊಂದರೆಗಳು ಇತರರಿಗಿಂತ ಹೆಚ್ಚು. ಹೇಳಿದ್ದನ್ನು ಕ್ಷಣಕಾಲ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ ಕೆಲವರಲ್ಲಿ ಕಡಿಮೆ ಇರುತ್ತದೆ. ಇದನ್ನು ಸೋಮಾರಿತನವೆಂದೋ ಹಟವೆಂದೋ ಭಾವಿಸಿ ಶಿಕ್ಷಿಸುವುದುಂಟು. ಸ್ನಾಯುಗಳಂತೆ ಬುದ್ಧಿಶಕ್ತಿಯೂ ವರ್ಷ ಕಳೆದಂತೆ ಕುಂದುತ್ತದೆ ಎಂಬುದು ತಪ್ಪು ಕಲ್ಪನೆ.

ದೀರ್ಘಕಾಲದ ಸ್ಟೀರಾಯ್ಡ್ ಸೇವನೆ ಮತ್ತೊಂದು ಕಾರಣ. ತೂಕ ಹೆಚ್ಚುತ್ತದೆ, ಎತ್ತರ ಕುಂಠಿತವಾಗುತ್ತದೆ, ಮೀಸೆ ಮೂಡುವುದು, ಧ್ವನಿ ಒಡೆಯುವುದು ತಡವಾಗುತ್ತದೆ. ಹದಿನೇಳರ ಯುವಕನನ್ನು ಹನ್ನೊಂದರ ಮಗುವೆಂದು ತಿಳಿದು ಎಲ್ಲರೂ ಮಾತನಾಡಿಸುವ ಪರಿಸ್ಥಿತಿ ಉಂಟಾಗುತ್ತದೆ. ಪ್ರೌಢತೆಯ ವಿಳಂಬಕ್ಕೆ ಹಾರ್ಮೋನು ಚಿಕಿತ್ಸೆ ಲಭ್ಯವಿದ್ದು, ಅದನ್ನು ತಜ್ಞರೊಂದಿಗೆ ಚರ್ಚಿಸಬಹುದು.

ಇಲ್ಲಿ ಒಂದು ಮುಖ್ಯ ಎಚ್ಚರಿಕೆಯಿದೆ. ರಾತ್ರಿಯಲ್ಲಿ ಉಸಿರಾಟ ಸಾಲದಾದಾಗ ಬೆಳಗಿನ ತಲೆನೋವು, ಹಗಲು ತೂಕಡಿಕೆ, ಹಸಿವಿಲ್ಲದಿರುವುದು, ಸಿಡುಕುತನ ಕಾಣಿಸಿಕೊಳ್ಳುತ್ತವೆ. ಇವು ಖಿನ್ನತೆಯನ್ನೇ ಹೋಲುತ್ತವೆ. ಆದುದರಿಂದ ಯುವಕ ಮಂಕಾಗಿದ್ದಾನೆಂದು ಕಂಡುಬಂದಾಗ ಮನೋವೈದ್ಯರ ಭೇಟಿಯ ಜೊತೆಗೆ ಉಸಿರಾಟದ ಪರೀಕ್ಷೆಯೂ ಆಗಬೇಕು. ಖಿನ್ನತೆಯೇ ಇದ್ದಲ್ಲಿ ಅದಕ್ಕೆ ಚಿಕಿತ್ಸೆ ಇದೆ; ಇಂಥ ಕಾಯಿಲೆಯವರು ಬೇಸರದಿಂದಿರುವುದು ಸಹಜವೇ ಎಂದು ಕೈಬಿಡುವುದು ಸರಿಯಲ್ಲ. ಔಷಧಿ ಆರಂಭಿಸುವ ಮೊದಲು ಹೃದ್ರೋಗ ತಜ್ಞರ ಅಭಿಪ್ರಾಯ ಪಡೆಯುವುದು ಒಳಿತು.

ಹೊಸ ಚಿಕಿತ್ಸೆಗಳ ಸುದ್ದಿಯೂ ಮನಸ್ಸನ್ನು ಕಲಕುತ್ತದೆ. ಅಮೆರಿಕದಲ್ಲಿ 2023ರಲ್ಲಿ ಒಂದು ವಂಶವಾಹಿ ಚಿಕಿತ್ಸೆಗೆ ಮೊದಲು ನಾಲ್ಕೈದು ವರ್ಷದ ಮಕ್ಕಳಿಗೆ ಸೀಮಿತವಾಗಿ ಅನುಮತಿ ದೊರೆತು, 2024ರಲ್ಲಿ ಅದು ವಿಸ್ತರಣೆಗೊಂಡಿತು. ನಡೆಯಲಾರದ ಇಬ್ಬರು ಹದಿಹರೆಯದ ರೋಗಿಗಳು ಅದನ್ನು ಪಡೆದ ನಂತರ ಯಕೃತ್ತಿನ ವೈಫಲ್ಯದಿಂದ ಮೃತಪಟ್ಟ ಕಾರಣ 2025ರಲ್ಲಿ ಅದಕ್ಕೆ ಕಠಿಣ ನಿರ್ಬಂಧಗಳು ಬಂದವು. ಗಾಲಿಕುರ್ಚಿ ಹಿಡಿದ ಯುವಕರಿಗೆ ಇಂಥ ಸುದ್ದಿಯು ಭರವಸೆ ಮೂಡಿಸಿ, ಬಳಿಕ ಬಾಗಿಲು ಮುಚ್ಚಿದ ಅನುಭವ ನೀಡಬಲ್ಲದು.

ನೋಡುವವರ ಅಂದಾಜು, ಬದುಕುವವರ ಮಾತು

ಉಸಿರಾಟದ ಯಂತ್ರವನ್ನು ಅವಲಂಬಿಸಿದ ಬದುಕು ಬದುಕಲ್ಲ ಎಂಬ ಭಾವನೆ ಸಮಾಜದಲ್ಲಷ್ಟೇ ಅಲ್ಲ, ವೈದ್ಯವಲಯದಲ್ಲಿಯೂ ಇತ್ತು. ಅಮೆರಿಕದ ವೈದ್ಯ ಜಾನ್ ಬಾಕ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನು ಪ್ರಶ್ನಿಸಿತು. ಯಂತ್ರದ ನೆರವಿನಿಂದ ಬದುಕುತ್ತಿದ್ದ ಡುಶೆನ್ ರೋಗಿಗಳಲ್ಲಿ ಹೆಚ್ಚಿನವರು ತಮ್ಮ ಬದುಕಿನ ಬಗ್ಗೆ ತೃಪ್ತಿ ಹೊಂದಿದ್ದರೆ, ಆರೋಗ್ಯ ಸಿಬ್ಬಂದಿ ಆ ತೃಪ್ತಿಯನ್ನು ಬಹಳ ಕಡಿಮೆ ಅಂದಾಜು ಮಾಡಿದ್ದರು.

ಡೆನ್ಮಾರ್ಕಿನಲ್ಲಿ 18ರಿಂದ 42 ವರ್ಷದ 65 ಮಂದಿಯನ್ನು ಕುರಿತ, 2005ರಲ್ಲಿ ಪ್ರಕಟವಾದ ಸಮೀಕ್ಷೆಯು ಇನ್ನಷ್ಟು ಸ್ಪಷ್ಟ ಚಿತ್ರ ನೀಡುತ್ತದೆ. ತಮ್ಮ ಜೀವನದ ಗುಣಮಟ್ಟ ಉತ್ತಮವಾಗಿದೆ, ರೋಗದ ಬಗ್ಗೆಯಾಗಲೀ ಭವಿಷ್ಯದ ಬಗ್ಗೆಯಾಗಲೀ ತಾವು ಚಿಂತಿಸುತ್ತ ಕೂತಿಲ್ಲ ಎಂಬುದು ಅವರ ಒಟ್ಟಾರೆ ಉತ್ತರವಾಗಿತ್ತು. ಆದರೆ ಹೆಚ್ಚಿನವರಿಗೆ ವೃತ್ತಿಗೆ ಬೇಕಾದ ವಿದ್ಯಾರ್ಹತೆ, ಕೆಲಸ ಮತ್ತು ಪ್ರೇಮಸಂಬಂಧ ಇರಲಿಲ್ಲ. ಡೆನ್ಮಾರ್ಕಿನಲ್ಲಿ ಇಂಥವರಿಗೆ ಸರ್ಕಾರದ ವೆಚ್ಚದಲ್ಲಿ ವೈಯಕ್ತಿಕ ಸಹಾಯಕರು ದೊರೆಯುತ್ತಾರೆ. ಅಷ್ಟಿದ್ದೂ ಈ ಮೂರು ಕೊರತೆಗಳು ಉಳಿದವು ಎಂದರೆ, ಬಾಲ್ಯದಲ್ಲಿ ಮಾಡದ ಸಿದ್ಧತೆಯನ್ನು ನಂತರದ ಸೌಲಭ್ಯ ಪೂರ್ತಿಯಾಗಿ ತುಂಬಲಾರದು ಎಂದು ತಿಳಿಯಬೇಕಾಗುತ್ತದೆ.

ನಾರ್ವೆಯ ಮಾಟ್ಸ್ ಸ್ಟೀನ್ ಅವರ ಪ್ರಸಂಗವೂ ಇಲ್ಲಿ ಉಲ್ಲೇಖಾರ್ಹ. ಡುಶೆನ್ ರೋಗವಿದ್ದ ಅವರು 2014ರಲ್ಲಿ 25ನೆಯ ವಯಸ್ಸಿನಲ್ಲಿ ನಿಧನರಾದರು. ಮಗ ಗೆಳೆತನವನ್ನೇ ಅರಿಯದೆ, ಕಂಪ್ಯೂಟರ್ ಆಟದಲ್ಲಿಯೇ ಕಾಲ ಕಳೆದನೆಂದು ತಂದೆತಾಯಿ ದುಃಖಿಸಿದ್ದರು. ಸಾವಿನ ಸುದ್ದಿಯನ್ನು ಮಗನ ಬ್ಲಾಗಿನಲ್ಲಿ ಪ್ರಕಟಿಸಿದಾಗ ಹಲವು ದೇಶಗಳಿಂದ ಸಂತಾಪ ಪತ್ರಗಳು ಬಂದವು. ಆಟದ ಮೂಲಕ ಪರಿಚಿತರಾದ ಅನೇಕರ ಕಷ್ಟಕಾಲದಲ್ಲಿ ಅವರು ಆಪ್ತ ಸಲಹೆಗಾರರಾಗಿದ್ದರು. ಈ ಕುರಿತ ಸಾಕ್ಷ್ಯಚಿತ್ರ 2024ರಲ್ಲಿ ಬಿಡುಗಡೆಯಾಯಿತು. ಯುವಕನಿಗೆ ಗೆಳೆಯರಿದ್ದಾರೆಯೇ ಎಂಬುದನ್ನು ಅವನನ್ನೇ ಕೇಳಬೇಕು ಎಂಬ ಪಾಠ ಇದರಲ್ಲಿದೆ.

ಕಾನೂನು ಏನು ಹೇಳುತ್ತದೆ?

ಭಾರತದಲ್ಲಿ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಸ್ನಾಯುಕ್ಷಯವನ್ನು ಹೆಸರಿಸಲಾಗಿದೆ. ಶೇ 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವಿರುವವರಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 5ರಷ್ಟು ಸೀಟುಗಳ ಮೀಸಲು ಹಾಗೂ ವಯೋಮಿತಿಯಲ್ಲಿ ಐದು ವರ್ಷಗಳ ಸಡಿಲಿಕೆ ಇದೆ. ಸರ್ಕಾರಿ ಉದ್ಯೋಗಗಳಲ್ಲಿನ ಶೇ 4ರ ಮೀಸಲಾತಿಯಲ್ಲಿ ಶೇ 1ರಷ್ಟು ಚಲನವೈಕಲ್ಯದ ಗುಂಪಿಗೆ ಮೀಸಲಾಗಿದ್ದು, ಸ್ನಾಯುಕ್ಷಯ ಅದರಲ್ಲಿ ಸೇರಿದೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯು ಪರೀಕ್ಷೆಯಲ್ಲಿ ಉತ್ತರ ಬರೆದುಕೊಡುವ ಲಿಪಿಕಾರರ ಸೌಲಭ್ಯದ ಜೊತೆಗೆ ಗಂಟೆಗೆ ಕನಿಷ್ಠ 20 ನಿಮಿಷಗಳ ಹೆಚ್ಚುವರಿ ಕಾಲಾವಕಾಶವನ್ನೂ ಕಲ್ಪಿಸಿತು.

ಕರ್ನಾಟಕ ಸರ್ಕಾರವು 2024-25ರ ಆಯವ್ಯಯದಲ್ಲಿ ಸ್ನಾಯುಕ್ಷಯವೂ ಸೇರಿದಂತೆ ಕೆಲವು ಕಾಯಿಲೆಗಳಿರುವವರ ಆರೈಕೆದಾರರಿಗೆ ಮಾಸಿಕ 1,000 ರೂಪಾಯಿ ಭತ್ಯೆ ಘೋಷಿಸಿತು. ದಿನವಿಡೀ ಆರೈಕೆಗೆ ಈ ಮೊತ್ತ ಅಲ್ಪವೇ ಆದರೂ, ಮನೆಯೊಳಗಿನ ಆ ದುಡಿಮೆಯನ್ನು ಸರ್ಕಾರ ಗುರುತಿಸಿದಂತಾಯಿತು. ಈ ಹಕ್ಕುಗಳೆಲ್ಲ ಇದ್ದರೂ ಶಾಲೆಯ ಮೆಟ್ಟಿಲು, ಗಾಲಿಕುರ್ಚಿ ಹೋಗದ ಶೌಚಾಲಯ ಮತ್ತು ಹತ್ತಲಾಗದ ಬಸ್ಸು ಅನೇಕರ ಓದನ್ನು ಪ್ರಾಥಮಿಕ ಹಂತದಲ್ಲಿಯೇ ನಿಲ್ಲಿಸುತ್ತವೆ.

ಮನೆಯೊಳಗಿನ ಪ್ರಶ್ನೆಗಳು

ಸ್ನಾನ, ಶೌಚ, ಬಟ್ಟೆ ಬದಲಿಸುವುದು, ರಾತ್ರಿ ಮಗ್ಗುಲು ಹೊರಳಿಸುವುದು ಎಲ್ಲವೂ ಸಾಮಾನ್ಯವಾಗಿ ತಾಯಿಯ ಪಾಲಿಗೆ ಬರುತ್ತವೆ. ಮಗ ಪ್ರಾಯಕ್ಕೆ ಬಂದಂತೆ ಇದು ಇಬ್ಬರಿಗೂ ಮುಜುಗರದ ಸಂಗತಿಯಾಗುತ್ತದೆ. ಆದರೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ತಂದೆ, ಸಹೋದರ ಅಥವಾ ಸಂಬಳದ ಪುರುಷ ಸಹಾಯಕರು ಭಾಗವಹಿಸಿದಲ್ಲಿ ಯುವಕನ ಮಾನ ಉಳಿಯುತ್ತದೆ, ತಾಯಿಗೂ ಬಿಡುವು ದೊರೆಯುತ್ತದೆ.

ರೋಗ ತಾಯಿಯ ಕಡೆಯಿಂದ ಬಂದದ್ದು ಎಂಬ ಚುಚ್ಚುಮಾತು ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ಸುಮಾರು ಮೂರನೆಯ ಒಂದು ಭಾಗದಷ್ಟು ಪ್ರಕರಣಗಳಲ್ಲಿ ವಂಶವಾಹಿಯ ದೋಷ ಹೊಸದಾಗಿ ಉಂಟಾಗಿರುತ್ತದೆ. ಉಳಿದವುಗಳಲ್ಲಿಯೂ ಅದು ಯಾರ ತಪ್ಪೂ ಅಲ್ಲ. ಸಹೋದರಿಯರು ವಾಹಕರಾಗಿರುವ ಸಾಧ್ಯತೆ ಇರುವುದರಿಂದ ವಂಶವಾಹಿ ಸಮಾಲೋಚನೆ ಅಗತ್ಯ. ವಾಹಕ ಮಹಿಳೆಯರು ಹೃದಯದ ತಪಾಸಣೆಯನ್ನೂ ಮಾಡಿಸಿಕೊಳ್ಳಬೇಕು.

ಸಾವಿನ ಪ್ರಶ್ನೆ ಇನ್ನೂ ಕಠಿಣವಾದುದು. ಮಗನಿಗೆ ತಿಳಿಯಬಾರದೆಂದು ಹಿರಿಯರು ಮುಚ್ಚಿಟ್ಟ ವಿಷಯವನ್ನು ಅವನು ಮೊಬೈಲಿನಲ್ಲಿ ಓದಿಕೊಂಡಿರುತ್ತಾನೆ. ಹಿರಿಯರಿಗೆ ನೋವಾಗಬಾರದೆಂದು ತಾನೂ ಸುಮ್ಮನಿರುತ್ತಾನೆ. ಕತ್ತಿನಲ್ಲಿ ರಂಧ್ರ ಮಾಡಿ ಉಸಿರಾಟದ ನಳಿಕೆ ಅಳವಡಿಸುವುದು ಬೇಕೇ ಬೇಡವೇ ಎಂಬ ನಿರ್ಧಾರ ತುರ್ತು ಚಿಕಿತ್ಸಾ ಘಟಕದ ಬಾಗಿಲಲ್ಲಿ ಆಗಬಾರದು. ಆರೋಗ್ಯವಾಗಿರುವಾಗಲೇ, ಅವನನ್ನು ಮುಂದಿಟ್ಟುಕೊಂಡು ಮಾತನಾಡಬೇಕು. ಹದಿನೆಂಟು ತುಂಬಿದವನು ಕಾನೂನಿನ ದೃಷ್ಟಿಯಲ್ಲಿ ಪ್ರೌಢ. ಕೈಕಾಲು ಆಡದ ಮಾತ್ರಕ್ಕೆ ಆ ಹಕ್ಕು ಮೊಟಕುಗೊಳ್ಳುವುದಿಲ್ಲ.

ಕುಟುಂಬಗಳು ಗಮನಿಸಬೇಕಾದ ಅಂಶಗಳು

* ಹನ್ನೆರಡು-ಹದಿಮೂರನೆಯ ವಯಸ್ಸಿನಿಂದಲೇ ವೈದ್ಯರ ಭೇಟಿಯ ಕೆಲವು ನಿಮಿಷಗಳನ್ನು ಮಗನಿಗೆ ಪ್ರತ್ಯೇಕವಾಗಿ ಮೀಸಲಿಡುವುದು. ಪ್ರಶ್ನೆಗೆ ಉತ್ತರ ಅವನೇ ಹೇಳಲಿ.

* ನಡಿಗೆ ನಿಂತ ವರ್ಷ, ಶಾಲೆ ಮುಗಿದ ವರ್ಷ, ಉಸಿರಾಟದ ಯಂತ್ರ ಬಂದ ವರ್ಷ: ಈ ಮೂರು ಘಟ್ಟಗಳಲ್ಲಿ ಮನಸ್ಸಿನ ಬಗ್ಗೆ ವಿಶೇಷ ನಿಗಾ ಇಡುವುದು.

* ಗಾಲಿಕುರ್ಚಿಯನ್ನು ಸೋಲಿನ ಗುರುತೆಂದು ಮುಂದೂಡದಿರುವುದು. ವಿದ್ಯುತ್ ಚಾಲಿತ ಕುರ್ಚಿಯಿಂದ ಅವನು ಬೇಕಾದಾಗ ಬೇಕಾದೆಡೆ ತಾನೇ ಹೋಗಬಲ್ಲ.

* ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ (ಯುಡಿಐಡಿ), ಬ್ಯಾಂಕ್ ಖಾತೆ ಮತ್ತು ಮತದಾರರ ಗುರುತಿನ ಚೀಟಿಯನ್ನು ಅವನ ಹೆಸರಿನಲ್ಲಿಯೇ ಮಾಡಿಸುವುದು.

* ಇದೇ ಕಾಯಿಲೆಯ ಹಿರಿಯ ಯುವಕರ ಪರಿಚಯ ಮಾಡಿಸುವುದು. ಹಿಮಾಚಲ ಪ್ರದೇಶದ ಸೋಲನ್‌ನಲ್ಲಿರುವ ಭಾರತೀಯ ಮಸ್ಕ್ಯುಲರ್ ಡಿಸ್ಟ್ರೋಫಿ ಸಂಘದಂತಹ ಸಂಸ್ಥೆಗಳು ಈ ದಿಸೆಯಲ್ಲಿ ಕಾರ್ಯನಿರತವಾಗಿವೆ.

* ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನರಸ್ನಾಯು ರೋಗಗಳ ಚಿಕಿತ್ಸೆಯೂ ಮನೋವೈದ್ಯಕೀಯ ನೆರವೂ ಒಂದೇ ಆವರಣದಲ್ಲಿ ಲಭ್ಯ. ಮಾನಸಿಕ ಒತ್ತಡದ ಸಂದರ್ಭದಲ್ಲಿ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು.

ಎಷ್ಟು ವರ್ಷ ಬದುಕುತ್ತಾನೆಂದು ಖಚಿತವಾಗಿ ಹೇಳಲಾಗದ ಮಗನಿಗೆ ಕಾಲೇಜು ಏಕೆ ಎಂಬ ಪ್ರಶ್ನೆ ಬಂಧುಗಳಿಂದ ಬರುವುದುಂಟು. ಎಷ್ಟು ವರ್ಷ ಎಂಬುದನ್ನು ಯಾರ ವಿಷಯದಲ್ಲಿಯೂ ಖಚಿತವಾಗಿ ಹೇಳಲಾಗದು. ಇರುವಷ್ಟು ಕಾಲವೂ ಮಾಡಲು ಒಂದು ಕೆಲಸ, ಮಾತನಾಡಲು ಗೆಳೆಯರು, ತನ್ನದೇ ಆದ ಒಂದು ನಿರ್ಧಾರ ಅವನಿಗೂ ಬೇಕು.