ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ

ಪತ್ರಿಕೆಯ ಒಳಪುಟದ ಮೂಲೆಯಲ್ಲಿ ‘ವಿದ್ಯುತ್ ವ್ಯತ್ಯಯ’ ಎಂಬ ಪುಟ್ಟ ತಲೆಬರಹ ಕಂಡರೆ ನಮ್ಮ ಟಿ. ದಾಸರಹಳ್ಳಿಯ ಹೆಂಗಸರು ಮಿಕ್ಕ ಸುದ್ದಿಯನ್ನೆಲ್ಲ ಬದಿಗಿಟ್ಟು ಅದನ್ನೇ ಮೊದಲು ಓದುತ್ತಾರೆ. ಮಂತ್ರಿಗಳ ಜಗಳ ನಾಳೆಯೂ ಇರುತ್ತದೆ. ಸಂಪಿನ ನೀರು ಮೇಲಿನ ಟ್ಯಾಂಕಿಗೆ ಏರಬೇಕಾದ್ದು ಇವತ್ತು. ಪೀಣ್ಯದ ಉಪಕೇಂದ್ರದಲ್ಲಿ ನಿರ್ವಹಣಾ ಕಾಮಗಾರಿ, ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ, ಆಮೇಲೆ ಬಡಾವಣೆಗಳ ಉದ್ದನೆಯ ಪಟ್ಟಿ, ಕೊನೆಗೆ ‘ಗ್ರಾಹಕರು ಸಹಕರಿಸಬೇಕಾಗಿ ಕೋರಿಕೆ’. ಆ ಪಟ್ಟಿಯಲ್ಲಿ ನಮ್ಮ ಬೀದಿಯನ್ನು ಹುಡುಕುವುದೆಂದರೆ ಪರೀಕ್ಷೆಯ ಫಲಿತಾಂಶದಲ್ಲಿ ಮಕ್ಕಳ ನಂಬರು ಹುಡುಕಿದ ಹಾಗೆಯೇ. ಒಂದೇ ವ್ಯತ್ಯಾಸ, ಇಲ್ಲಿ ಸಿಗದಿದ್ದರೆ ಸಂತೋಷ.

ಈ ‘ಕೋರಿಕೆ’ಯ ಹಿಂದೆ ನೂರು ವರ್ಷಕ್ಕೂ ಮಿಕ್ಕ ಚರಿತ್ರೆಯಿದೆ. 1902ರಲ್ಲಿ ಶಿವನಸಮುದ್ರದಿಂದ ಹೊರಟ ವಿದ್ಯುತ್ತು ಮೊದಲು ಹೋದದ್ದು ಯಾರ ಮನೆಗೂ ಅಲ್ಲ, ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗೆ ಆ ಬೆಳಕು ಬಂದದ್ದು 1905ರಲ್ಲಿ. ಮನೆಯ ದೀಪ ಅಂದಿನಿಂದಲೂ ದೊಡ್ಡ ಗಿರಾಕಿಯ ಹಿಂದೆ ನಿಂತೇ ಬಂದಿದೆಯೆಂದು ನನಗನಿಸುತ್ತದೆ. 1957ರಲ್ಲಿ ವಿದ್ಯುತ್ ಮಂಡಳಿ ಸ್ಥಾಪನೆಯಾಯಿತು. ನಮ್ಮ ಬಾಯಲ್ಲಿ ಅದು ಕೆ.ಇ.ಬಿ. ಕರೆಂಟು ಹೋದರೆ ‘ಕೆ.ಇ.ಬಿ.ಯವನು ತೆಗೆದ’ ಎನ್ನುವುದು, ಬಂದರೆ ‘ಕೊಟ್ಟ’ ಎನ್ನುವುದು. ತೆಗೆಯುವವನೂ ಕೊಡುವವನೂ ಅವನೇ ಆದಮೇಲೆ ನಮಗೆ ಹಕ್ಕು ಎಂಬ ಮಾತು ಹೊಳೆಯುವುದಾದರೂ ಹೇಗೆ?

ಲೋಡ್ ಶೆಡ್ಡಿಂಗ್ ಬೇರೆ, ನಿರ್ವಹಣೆಯ ಕಡಿತ ಬೇರೆ. ಮೊದಲನೆಯದು ಮನೆಯಲ್ಲಿ ಅಕ್ಕಿಯಿಲ್ಲದ ಹಸಿವು. ಮಳೆ ಕೈಕೊಟ್ಟು ಲಿಂಗನಮಕ್ಕಿ ಬರಿದಾದ ವರ್ಷಗಳಲ್ಲಿ ಅದನ್ನು ಸಾಕಷ್ಟು ಉಂಡಿದ್ದೇವೆ. ಎರಡನೆಯದು ಏಕಾದಶಿಯ ಉಪವಾಸ. ಹೊಟ್ಟೆಗೆ ಎರಡೂ ಒಂದೇ, ನಿಜ. ಆದರೆ ಏಕಾದಶಿ ಯಾವತ್ತೆಂದು ಪಂಚಾಂಗ ಮೊದಲೇ ಹೇಳುತ್ತದೆ. ಹೇಳಿದರೆ ಹಿಂದಿನ ದಿನವೇ ಹಿಟ್ಟು ರುಬ್ಬಿಟ್ಟುಕೊಳ್ಳಬಹುದು, ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡವಳು ಗಿರಾಕಿಗೆ ಬೇರೆ ದಿನ ಹೇಳಬಹುದು.

ಕೆಲಸವೇನೋ ಬೇಕಾದದ್ದೇ. ತಂತಿಗೆ ತಾಗುವ ಹೊಂಗೆಯ ಕೊಂಬೆ ಕಡಿಯಬೇಕು, ಸೀಳಿದ ಪಿಂಗಾಣಿ ಇನ್ಸುಲೇಟರ್ ಬದಲಿಸಬೇಕು, ಟ್ರಾನ್ಸ್‌ಫಾರ್ಮರಿನ ಎಣ್ಣೆ ನೋಡಬೇಕು. ‘ಲೈನ್ ಕ್ಲಿಯರ್’ ಸಿಗದೆ ಲೈನ್‌ಮನ್ ಕಂಬ ಹತ್ತುವಂತಿಲ್ಲ. ನಮ್ಮಲ್ಲಿ ಯಾರೋ ಸರಿಯಾದ ಸ್ವಿಚ್ ಇಲ್ಲದೆ ಜನರೇಟರು ಹಾಕಿಕೊಂಡರೆ ಸತ್ತ ತಂತಿಗೆ ಹಿಂದಿನಿಂದ ಜೀವ ಬಂದು, ಕಂಬದ ಮೇಲಿದ್ದವನ ಜೀವ ಹೋದೀತು. ಅವನೂ ಒಂದು ಮನೆಯ ಮಗ. ಆದ್ದರಿಂದ ಆ ಏಳು ಗಂಟೆಯ ಬಗ್ಗೆ ನನ್ನ ತಕರಾರಿಲ್ಲ. ಹೇಳದೆ ತೆಗೆಯುವುದರ ಬಗ್ಗೆ ಇದೆ.

ಹೇಳಬೇಕಾದ್ದು ಈಗ ಅವರ ಸೌಜನ್ಯವಲ್ಲ, ಕರ್ತವ್ಯ. 1986ರ ಗ್ರಾಹಕ ರಕ್ಷಣಾ ಕಾಯ್ದೆಯೇ ವಿದ್ಯುತ್ ಪೂರೈಕೆಯನ್ನು ‘ಸೇವೆ’ ಎಂದು ಎಣಿಸಿತು. 1999ರಲ್ಲಿ ರಾಜ್ಯಕ್ಕೆ ವಿದ್ಯುತ್ ನಿಯಂತ್ರಣ ಆಯೋಗ ಬಂತು, 2002ರಲ್ಲಿ ಬೆಸ್ಕಾಂ ಹುಟ್ಟಿತು. 2003ರ ವಿದ್ಯುತ್ ಕಾಯ್ದೆ, ಸೇವೆ ಇಂತಿಷ್ಟು ಮಟ್ಟಕ್ಕಿಂತ ಕೆಳಗಿಳಿದರೆ ಕಂಪನಿ ಪರಿಹಾರ ಕೊಡಬೇಕೆಂದಿತು. ಮರುವರ್ಷ ಆಯೋಗ ಹೊರಡಿಸಿದ ನಿಯಮದಲ್ಲಿ, ಪಟ್ಟಣಗಳಲ್ಲಿ ಫ್ಯೂಸ್ ಹೋದರೆ 6 ಗಂಟೆಯೊಳಗೆ ಸರಿಯಾಗಬೇಕು, ಟ್ರಾನ್ಸ್‌ಫಾರ್ಮರ್ ಕೆಟ್ಟರೆ 24 ಗಂಟೆಯೊಳಗೆ ಎಂದು ಗಡುವು ಬಿತ್ತು. 2020ರ ಡಿಸೆಂಬರ್ ಕೊನೆಗೆ ಕೇಂದ್ರ ಸರ್ಕಾರ ತಂದ ಗ್ರಾಹಕರ ಹಕ್ಕುಗಳ ನಿಯಮಗಳಂತೂ, ಯೋಜಿತ ಕಡಿತದ ವಿವರವನ್ನು ಗ್ರಾಹಕರಿಗೆ ತಿಳಿಸಬೇಕು, ಅನಿರೀಕ್ಷಿತವಾಗಿ ಹೋದರೆ ಯಾವಾಗ ಬರಬಹುದೆಂಬ ಅಂದಾಜಿನೊಡನೆ ತಕ್ಷಣ ಸಂದೇಶ ಕಳಿಸಬೇಕು ಎನ್ನುತ್ತವೆ.

ಇಲ್ಲೇ ನಮ್ಮ ದಾಸರಹಳ್ಳಿಯ ತೊಡಕು. ತುಮಕೂರು ರಸ್ತೆಯ ಈ ಊರು 2007ರಲ್ಲಿ ಮಹಾನಗರ ಪಾಲಿಕೆಗೆ ಸೇರುವ ಮೊದಲೇ ಪೀಣ್ಯದ ಕಾರ್ಖಾನೆಗಳಿಗೆ ಹೋಗುವವರ ಬಾಡಿಗೆ ಮನೆಗಳಿಂದ ತುಂಬಿತ್ತು. ಬಿಲ್ಲಿನ ಮೇಲಿನ ಆರ್.ಆರ್. ನಂಬರು ಮಾಲೀಕರ ಹೆಸರಿನಲ್ಲಿ, ಅದಕ್ಕೆ ಜೋಡಿಸಿದ ಮೊಬೈಲೂ ಅವರದೇ. ಸಂದೇಶ ಅವರ ಜೇಬಿಗೆ ಹೋಗುತ್ತದೆ. ಮಿಕ್ಸಿಯ ಮುಂದೆ ನಿಂತವಳಿಗೆ ಕತ್ತಲೆಯೇ ಸಂದೇಶ. ಸ್ವಂತ ಮನೆಯಾದರೆ ನಂಬರು ಯಜಮಾನರದು, ಅವರು ಪಾಳಿಯಲ್ಲಿ.

‘ಮೀಟರು ನನ್ನ ಹೆಸರಿನಲ್ಲಿಲ್ಲ, ನಾನು ಹೇಗಮ್ಮ ಕೇಳಲಿ?’ ಎನ್ನುವವರು ಬಹಳ. ಕೇಳಬಹುದು. ಹಣ ಕೊಟ್ಟವರ ಒಪ್ಪಿಗೆಯಿಂದ ಸೇವೆಯನ್ನು ಬಳಸುವವರೂ ಗ್ರಾಹಕರೇ ಎಂದು ಗ್ರಾಹಕ ಕಾಯ್ದೆ ಹೇಳುತ್ತದೆ, 2019ರ ಹೊಸ ಕಾಯ್ದೆಯೂ ಅದನ್ನು ಉಳಿಸಿಕೊಂಡಿದೆ. ಸಂಜೆ 5 ದಾಟಿತೇ, 1912ಕ್ಕೆ ಫೋನು ಮಾಡಿ. ‘ಬರುತ್ತಮ್ಮ, ಈಗ ಬರುತ್ತೆ’ ಎಂಬ ಸಮಾಧಾನಕ್ಕೆ ಫೋನಿಡಬೇಡಿ. ದೂರಿನ ಸಂಖ್ಯೆ ಕೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ತಾರೀಖು, ಗಂಟೆಯ ಸಮೇತ ಬರೆದಿಡಿ. ಮುಂದೆ ಗ್ರಾಹಕರ ಕುಂದುಕೊರತೆ ವೇದಿಕೆಗೆ ಹೋಗಬೇಕಾಗಿ ಬಂದರೆ, ಅಲ್ಲೂ ಆಗದೆ ವಿದ್ಯುತ್ ಒಂಬುಡ್ಸ್‌ಮನ್‌ವರೆಗೆ ಏರಬೇಕಾದರೆ, ಮೊದಲು ಕೇಳುವುದು ಆ ಸಂಖ್ಯೆಯನ್ನೇ.