ಕೊಳಲಿನ ಕೈಗೆ ಸನಾದಿ



ತೆಲುಗಿನಲ್ಲಿ ಸನ್ನಾಯಿ, ಕನ್ನಡದಲ್ಲಿ ಸನಾದಿ. ಆದವಾನಿ ಸೀಮೆಯ ನಮಗೆ ಎರಡೂ ಹೆಸರು ಗೊತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು, ಬಳ್ಳಾರಿ ಮೈಸೂರಿಗೂ ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೂ ಸೇರಿದವು. ಮಂಗಳವಾದ್ಯಕ್ಕೆ ಮಾತ್ರ ಗಡಿ ಬೀಳಲಿಲ್ಲ.

ಇದರ ದೂರದ ಬಂಧು ಓಬೋ. 17ನೆಯ ಶತಮಾನದಲ್ಲಿ ಫ್ರಾನ್ಸಿನವರು ಶಾಮ್ ಎಂಬ ಹಳೆಯ ವಾದ್ಯವನ್ನು ತಿದ್ದಿ ಮಾಡಿದ್ದು. ಸನಾದಿಯಂತೆಯೇ ಬಾಯಿಗಿಡುವ ಕಡೆ ಜೋಡಿ ಪೀಪಿ, ಕೆಳಗಿಳಿದಂತೆ ಅಗಲವಾಗುವ ಕೊಳವೆ.

ಕೊಳಲು ನುಡಿಸುವವರು ನಡುವಯಸ್ಸಿನಲ್ಲಿ ಓಬೋ ಹಿಡಿದರೆ ಹೇಗೆ? ಬೆರಳು ಪಳಗಿದೆ, ಕಿವಿಗೆ ಸ್ವರ ಗೊತ್ತು. ತುಟಿ ಮಾತ್ರ ಮೊದಲಿನಿಂದ ಕಲಿಯಬೇಕು. ಕೊಳಲಿಗೆ ಉಸಿರು ಧಾರಾಳವಾಗಿ ಬೇಕು. ಓಬೋದ ಕಿರಿದಾದ ಸೀಳಿನಲ್ಲಿ ಸ್ವಲ್ಪವೇ ಹೋಗುತ್ತದೆ. ಹಳೆಯ ಉಸಿರು ಎದೆಯಲ್ಲೇ ಉಳಿದು ಕಟ್ಟಿದಂತಾಗುತ್ತದೆ. ಅದನ್ನು ಹೊರಗೆ ಬಿಟ್ಟ ಮೇಲೆಯೇ ಹೊಸದನ್ನು ಎಳೆದುಕೊಳ್ಳಬೇಕು.

1977ರ ‘ಸನಾದಿ ಅಪ್ಪಣ್ಣ’ ಚಿತ್ರದಲ್ಲಿ ರಾಜ್‌ಕುಮಾರ್ ಅವರ ಪಾತ್ರಕ್ಕೆ ಶಹನಾಯಿ ನುಡಿಸಿದವರು ಬಿಸ್ಮಿಲ್ಲಾ ಖಾನರು. 1916ರಲ್ಲಿ ಹುಟ್ಟಿದ ಅವರಿಗೆ ಆಗಲೇ ಅರವತ್ತು ದಾಟಿತ್ತು. ಅವರಿಗೆ ಅದು ಮನೆತನದ ವಿದ್ಯೆ, ಬಾಲ್ಯದಲ್ಲೇ ಸೋದರಮಾವನಿಂದ ಬಂದದ್ದು.

ನಮ್ಮಲ್ಲೂ ಸನಾದಿ ಮನೆತನದ ವಿದ್ಯೆಯೇ. ಆದರೆ ಚಪ್ಪರಕ್ಕೆ ಡಿಜೆ ಬಂದು ಕರೆಯುವವರು ಕಡಿಮೆಯಾದರೆ, ಆ ಮನೆಯ ಮಕ್ಕಳು ಏಕೆ ಕಲಿತಾರು? ಆದ್ದರಿಂದ ಐವತ್ತರ ಕೊಳಲಿನವರೊಬ್ಬರು ಸನಾದಿ ಕಲಿಯುತ್ತೇನೆಂದರೆ ನಗಬೇಡಿ. ಕಲಿಸುವ ಹಿರಿಯರಿಗೆ ಗುರುವಿನ ಮರ್ಯಾದೆ ಕೊಟ್ಟು, ಅವರ ಮುಂದೆ ಕೂರಲಿ. ಮುಂದಿನ ಮದುವೆಗೆ ನೀವೂ ಒಂದು ಮೇಳವನ್ನು ಕರೆಸಿರಿ.